ಇಂಗ್ಲಿಷ್ ಮಾಧ್ಯಮದಲ್ಲಿ ಅರ್ಥಶಾಸ್ತ್ರ ಪದವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಓದೆಲ್ಲ ಮಾತೃಭಾಷೆಯಲ್ಲಿ ಆಗಿದೆ. ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರದ ಪದವಿ ಓದಲು ಸಾಧ್ಯವೇ?

ಸಾಧ್ಯ. ಕಷ್ಟ ಎಲ್ಲಿದೆ ಎಂಬುದನ್ನು ಮೊದಲೇ ಗುರುತಿಸಿಕೊಂಡವರಿಗೆ ಅದು ಬೇಗ ಸಾಧ್ಯವಾಗುತ್ತದೆ. ಹೊಸದಾಗಿ ಸೇರುವವರು ಸಾಮಾನ್ಯವಾಗಿ ತಮ್ಮ ಪದಸಂಪತ್ತು ಸಾಲದೆಂದು ಅಂಜುತ್ತಾರೆ. ಆದರೆ ಇತಿಹಾಸ, ಸಾಹಿತ್ಯ ಅಥವಾ ಕಾನೂನಿನ ಪದವಿಗೆ ಹೋಲಿಸಿದರೆ ಅರ್ಥಶಾಸ್ತ್ರಕ್ಕೆ ಬೇಕಾಗುವ ಪದಗಳು ಕಡಿಮೆ. ಒಂದಿಷ್ಟು ಪಾರಿಭಾಷಿಕ ಪದಗಳೇ ಪದವಿಯುದ್ದಕ್ಕೂ ಮತ್ತೆ ಮತ್ತೆ ಬರುತ್ತವೆ. ವಾದದ ಭಾರವನ್ನು ಬಹುಮಟ್ಟಿಗೆ ರೇಖಾಚಿತ್ರ ಮತ್ತು ಸಮೀಕರಣಗಳು ಹೊರುತ್ತವೆ. ಗೊತ್ತಿಲ್ಲದ ಪದವನ್ನು ನಿಘಂಟಿನಲ್ಲಿ ಹುಡುಕಬಹುದು. ವಿದ್ಯಾರ್ಥಿಯನ್ನು ದಾರಿ ತಪ್ಪಿಸುವುದು ತನಗೆ ಗೊತ್ತಿದೆ ಎಂದುಕೊಂಡು ಹುಡುಕದೇ ಬಿಟ್ಟ ಪದ. ಮುಂದಿನ ಉತ್ತರಗಳಲ್ಲಿ ಹೆಚ್ಚು ಜಾಗವನ್ನು ಆ ಬಗೆಯ ಪದಗಳಿಗೇ ಕೊಟ್ಟಿದ್ದೇನೆ.

ಪದವಿಯಲ್ಲಿ ಏನೇನು ಕಲಿಸುತ್ತಾರೆ? ಎಷ್ಟು ವರ್ಷ ಬೇಕು?

ವಿಶ್ವವಿದ್ಯಾಲಯ ಯಾವುದೇ ಇರಲಿ, ಪಠ್ಯಕ್ರಮದ ಬೆನ್ನೆಲುಬು ಹೆಚ್ಚುಕಡಿಮೆ ಒಂದೇ. ಮೊದಲ ವರ್ಷದಲ್ಲಿ ಅರ್ಥಶಾಸ್ತ್ರದ ಮೂಲತತ್ವಗಳು, ಗಣಿತ ಮತ್ತು ಸಂಖ್ಯಾಶಾಸ್ತ್ರ ಇರುತ್ತವೆ. ಎರಡನೆಯ ವರ್ಷದಲ್ಲಿ ಮಧ್ಯಮ ಹಂತದ ಸೂಕ್ಷ್ಮ ಅರ್ಥಶಾಸ್ತ್ರ (ವ್ಯಕ್ತಿ ಮತ್ತು ಸಂಸ್ಥೆಗಳ ನಿರ್ಧಾರಗಳು), ಸಮಗ್ರ ಅರ್ಥಶಾಸ್ತ್ರ (ಇಡೀ ದೇಶದ ಆರ್ಥಿಕತೆ) ಮತ್ತು ಎಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶವನ್ನು ವಿಶ್ಲೇಷಿಸುವ ವಿಧಾನಗಳು) ಬರುತ್ತವೆ. ಆಮೇಲೆ ಅಂತರರಾಷ್ಟ್ರೀಯ ವ್ಯಾಪಾರ, ಅಭಿವೃದ್ಧಿ, ಸಾರ್ವಜನಿಕ ಹಣಕಾಸು, ಕಾರ್ಮಿಕ ಅರ್ಥಶಾಸ್ತ್ರ, ಆಟದ ಸಿದ್ಧಾಂತ ಮುಂತಾದ ಐಚ್ಛಿಕ ವಿಷಯಗಳು. ಪದವಿಗಳ ಸ್ವರೂಪವನ್ನು ಪರಸ್ಪರ ಹೊಂದಿಸಿಕೊಂಡಿರುವ, ಯುರೋಪಿನ ಬೊಲೊನ್ಯಾ ಚೌಕಟ್ಟಿನ ದೇಶಗಳಲ್ಲಿ ಪದವಿ ಸಾಮಾನ್ಯವಾಗಿ ಮೂರು ವರ್ಷದ್ದು, ಒಟ್ಟು 180 ಕ್ರೆಡಿಟ್ (ಕ್ರೆಡಿಟ್ ಎಂದರೆ ಓದಿನ ಕೆಲಸವನ್ನು ಅಳೆಯುವ ಮಾನ). ಅಮೆರಿಕದಲ್ಲಿ ಮತ್ತು ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ.

ಎರಡನೆಯ ವರ್ಷವೇ ಎಲ್ಲಕ್ಕಿಂತ ಕಠಿಣ ಎಂಬುದು ನನ್ನ ಅಭಿಪ್ರಾಯ. ಮೊದಲ ವರ್ಷದಲ್ಲಿ ಚಿತ್ರ ಬಿಡಿಸಿ ವಿವರಿಸಿದ ವಿಷಯವನ್ನೇ ಅಲ್ಲಿ ಸಮೀಕರಣ ಬರೆದು ಸಾಧಿಸಬೇಕಾಗುತ್ತದೆ. ಮೊದಲ ವರ್ಷದ ಅಂಕಗಳನ್ನು ನಂಬಿ ನಿಶ್ಚಿಂತೆಯಿಂದಿದ್ದವರು ಎಡವುವುದು ಅಲ್ಲಿಯೇ.

ಬಿ.ಎ. ಮತ್ತು ಬಿ.ಎಸ್ಸಿ. ಪದವಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಹೆಸರನ್ನು ನೋಡಿ ತೀರ್ಮಾನಿಸಬೇಡಿ. ಸಾಮಾನ್ಯವಾಗಿ ಬಿ.ಎಸ್ಸಿ.ಯಲ್ಲಿ ಗಣಿತ ಹೆಚ್ಚು ಎನ್ನುತ್ತಾರೆ, ಆದರೆ ಕೆಲವು ವಿಶ್ವವಿದ್ಯಾಲಯಗಳ ಬಿ.ಎ. ಪದವಿಯೂ ಅಷ್ಟೇ ಗಣಿತಮಯವಾಗಿರುತ್ತದೆ. ಕಡ್ಡಾಯ ಪತ್ರಿಕೆಗಳ ಪಟ್ಟಿಯನ್ನು ತೆರೆದು, ಕಲನಶಾಸ್ತ್ರ, ರೇಖೀಯ ಬೀಜಗಣಿತ ಮತ್ತು ಎಕನಾಮೆಟ್ರಿಕ್ಸ್ ಎಷ್ಟು ಅವಧಿಗಳಷ್ಟು (ಸೆಮಿಸ್ಟರ್‌ಗಳಷ್ಟು) ಇವೆ ಎಂಬುದನ್ನು ಎಣಿಸಿದರೆ ಉತ್ತರ ಸಿಗುತ್ತದೆ.

ಪ್ರವೇಶಕ್ಕೆ ಎಷ್ಟು ಮಟ್ಟದ ಇಂಗ್ಲಿಷ್ ಬೇಕು?

ಇಂಗ್ಲಿಷ್ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಆಲಿಸುವಿಕೆ, ಓದು, ಬರವಣಿಗೆ ಮತ್ತು ಮಾತು ಎಂಬ ನಾಲ್ಕು ಭಾಗಗಳಿವೆ, ಅಂಕಗಳು 0ಯಿಂದ 9ರವರೆಗೆ ಅರ್ಧರ್ಧ ಹೆಜ್ಜೆಯಲ್ಲಿ ಏರುತ್ತವೆ. ಪದವಿ ಪ್ರವೇಶಕ್ಕೆ ಬಹಳಷ್ಟು ವಿಶ್ವವಿದ್ಯಾಲಯಗಳು ಒಟ್ಟಾರೆ 6.0ರಿಂದ 7.0ರವರೆಗಿನ ಅಂಕವನ್ನು ಕೇಳುತ್ತವೆ, ಪ್ರತಿ ಭಾಗಕ್ಕೂ ಬೇರೆ ಕನಿಷ್ಠ ಅಂಕ ವಿಧಿಸುವುದೂ ಉಂಟು. ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಮಾನ್ಯ ಮಾಡುತ್ತಾರಾದ್ದರಿಂದ ತೀರ ಮುಂಚಿತವಾಗಿ ಬರೆದು ಪ್ರಯೋಜನವಿಲ್ಲ.

ಈ ಪರೀಕ್ಷೆಯಲ್ಲಿ ಬೇಕಾದ ಅಂಕ ಪಡೆದವರಿಗೆ ಅರ್ಥಶಾಸ್ತ್ರದ ಇಂಗ್ಲಿಷ್ ಬರುತ್ತದೆ ಎಂದೇನೂ ಇಲ್ಲ. ಅಲ್ಲಿ ಅಳೆಯುವುದು ಸಾಮಾನ್ಯ ಭಾಷೆಯನ್ನು. ತರಗತಿಯಲ್ಲಿ ಬೇಕಾಗುವುದು ಅದೇ ಪದಗಳ ಇನ್ನೊಂದು ಬಳಕೆ.

ದಿನನಿತ್ಯದ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಹಾಗಿದ್ದರೂ ಪಠ್ಯಪುಸ್ತಕ ಏಕೆ ಅರ್ಥವಾಗುವುದಿಲ್ಲ?

ಅರ್ಥಶಾಸ್ತ್ರ ತನ್ನ ಪರಿಭಾಷೆಯನ್ನು ಕಟ್ಟಿಕೊಂಡಿರುವುದು ಬೀದಿಯ ಮಾತುಗಳಿಂದ. ವೈದ್ಯಶಾಸ್ತ್ರದ ಪದವೊಂದು ಎದುರಾದಾಗ ಅದು ಹೊಸದು ಎಂಬುದಾದರೂ ತಿಳಿಯುತ್ತದೆ. ಇಲ್ಲಿ 'ಇನ್ವೆಸ್ಟ್‌ಮೆಂಟ್', 'ರೆಂಟ್', 'ನಾರ್ಮಲ್', 'ಕಾಸ್ಟ್' ಮುಂತಾದ ಪರಿಚಿತ ಪದಗಳೇ ಬೇರೆ ಅರ್ಥವನ್ನು ಹೊತ್ತು ಬರುವುದರಿಂದ ಓದುಗರಿಗೆ ಎಚ್ಚರಿಕೆಯ ಗಂಟೆ ಕೇಳಿಸುವುದಿಲ್ಲ.

'ಇನ್ವೆಸ್ಟ್‌ಮೆಂಟ್' ಎಂದರೆ ಮಾತಿನಲ್ಲಿ ಷೇರು ಕೊಳ್ಳುವುದು ಅಥವಾ ಬ್ಯಾಂಕಿನಲ್ಲಿ ಠೇವಣಿ ಇಡುವುದು. ಸಮಗ್ರ ಅರ್ಥಶಾಸ್ತ್ರದಲ್ಲಿ ಅದು ಹೊಸ ಯಂತ್ರ, ಕಟ್ಟಡ, ದಾಸ್ತಾನು ಇವುಗಳ ಮೇಲಿನ ವೆಚ್ಚ ಮಾತ್ರ. ಹಳೆಯ ಷೇರು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ದಾಟಿದರೆ ಅಲ್ಲಿ ಆಸ್ತಿಯ ಒಡೆತನ ಬದಲಾಯಿತೇ ಹೊರತು ಹೂಡಿಕೆ ನಡೆಯಲಿಲ್ಲ. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿಯದಿದ್ದರೆ ರಾಷ್ಟ್ರೀಯ ಆದಾಯದ ಇಡೀ ಅಧ್ಯಾಯ ಗೋಜಲಾಗುತ್ತದೆ.

'ಕಾಸ್ಟ್' ಎಂಬುದರಲ್ಲಿ ಕೈಯಿಂದ ಕೊಟ್ಟ ಹಣ ಮಾತ್ರವಲ್ಲದೆ, ಕೈಬಿಟ್ಟ ಅವಕಾಶಗಳಲ್ಲಿ ಅತ್ಯುತ್ತಮವಾದುದರ ಮೌಲ್ಯವೂ ಸೇರಿರುತ್ತದೆ. ಆದ್ದರಿಂದಲೇ ಪರಿಪೂರ್ಣ ಪೈಪೋಟಿಯಲ್ಲಿ (ಯಾವ ಒಬ್ಬ ಮಾರಾಟಗಾರನೂ ಬೆಲೆಯನ್ನು ಬದಲಿಸಲಾರದ ಪೇಟೆಯಲ್ಲಿ) ದೀರ್ಘಾವಧಿಯ ಲಾಭ ಶೂನ್ಯ ಎಂಬ ವಾಕ್ಯ ಓದಿದವರು, ಹಾಗಾದರೆ ಉದ್ಯಮಿ ಅಂಗಡಿ ಮುಚ್ಚುವುದಿಲ್ಲವೇಕೆ ಎಂದು ಕೇಳುತ್ತಾರೆ. ಲೆಕ್ಕಪತ್ರದಲ್ಲಿ ಅವನಿಗೆ ಲಾಭವಿದೆ. ಅವನ ಶ್ರಮ ಮತ್ತು ಬಂಡವಾಳ ಬೇರೆಡೆ ಗಳಿಸಬಹುದಾಗಿದ್ದುದನ್ನು ಕಳೆದ ಮೇಲೆ ಉಳಿಯುವುದು ಶೂನ್ಯ.

'ನಾರ್ಮಲ್ ಗೂಡ್' ಎಂದರೆ ಸಾಧಾರಣ ಸರಕಲ್ಲ, ಆದಾಯ ಏರಿದಾಗ ಬೇಡಿಕೆ ಏರುವ ಸರಕು. 'ಇನ್ಫೀರಿಯರ್ ಗೂಡ್' ಎಂದರೆ ಕಳಪೆ ಸರಕಲ್ಲ, ಆದಾಯ ಏರಿದಾಗ ಬೇಡಿಕೆ ಇಳಿಯುವ ಸರಕು. ಒಂದೇ ವಸ್ತು ಒಬ್ಬರಿಗೆ ಮೊದಲನೆಯದೂ ಇನ್ನೊಬ್ಬರಿಗೆ ಎರಡನೆಯದೂ ಆಗಿರಬಹುದು. 'ಎಫಿಷಿಯೆಂಟ್' ಎಂಬುದು ನ್ಯಾಯದ ಬಗ್ಗೆ ಏನನ್ನೂ ಹೇಳುವುದಿಲ್ಲ: ಒಬ್ಬನ ಬಳಿಯೇ ಎಲ್ಲವೂ ಇದ್ದು ಉಳಿದವರ ಬಳಿ ಏನೂ ಇಲ್ಲದ ಹಂಚಿಕೆ ಕೂಡ, ಅವನಿಗೆ ನಷ್ಟವಾಗದಂತೆ ಬೇರೆಯವರ ಸ್ಥಿತಿಯನ್ನು ಸುಧಾರಿಸಲು ಸಾಧ್ಯವಿಲ್ಲದಿದ್ದರೆ, ಅರ್ಥಶಾಸ್ತ್ರಜ್ಞ ಪರೇಟೋ ಕೊಟ್ಟ ಅರ್ಥದಲ್ಲಿ ದಕ್ಷವೇ. 'ಸಿಗ್ನಿಫಿಕೆಂಟ್' ಎಂದು ಎಕನಾಮೆಟ್ರಿಕ್ಸ್ ಪಾಠದಲ್ಲಿ ಬಂದರೆ ಅದು ಮಹತ್ವದ್ದು ಎಂದಲ್ಲ. ಪರಿಣಾಮ ನಿಜವಾಗಿ ಶೂನ್ಯವಾಗಿದ್ದರೆ ಇಂತಹ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ ಕಡಿಮೆ ಎಂದಷ್ಟೇ. ಪರಿಣಾಮ ತೀರ ಚಿಕ್ಕದಾಗಿದ್ದೂ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ 'ಸಿಗ್ನಿಫಿಕೆಂಟ್' ಆಗಿರಬಹುದು.

ಮೊದಲ ವರ್ಷದ ಪರೀಕ್ಷೆಗಳಲ್ಲಿ ಅತಿ ಹೆಚ್ಚು ಅಂಕ ಕಳೆಯುವ ಜೋಡಿಯೆಂದರೆ 'ಡಿಮ್ಯಾಂಡ್' ಮತ್ತು 'ಕ್ವಾಂಟಿಟಿ ಡಿಮ್ಯಾಂಡೆಡ್' ಎಂದು ಧೈರ್ಯವಾಗಿ ಹೇಳುತ್ತೇನೆ. ಬೇಡಿಕೆ ಎಂಬುದು ಪ್ರತಿ ಬೆಲೆಗೂ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಇಡೀ ರೇಖೆ. ಬೇಡಿಕೆಯ ಪ್ರಮಾಣ ಎಂಬುದು ಆ ರೇಖೆಯ ಮೇಲಿನ ಒಂದು ಬಿಂದು. ಸರಕಿನ ಬೆಲೆ ಇಳಿದಾಗ ಬಿಂದು ರೇಖೆಯ ಮೇಲೆಯೇ ಕೆಳಗೆ ಜಾರುತ್ತದೆ, ಆದಾಯವೋ ಅಭಿರುಚಿಯೋ ಬದಲಾದಾಗ ರೇಖೆಯೇ ಸ್ಥಳಾಂತರಗೊಳ್ಳುತ್ತದೆ. ಬೆಲೆ ಇಳಿದದ್ದರಿಂದ ಬೇಡಿಕೆ ಏರಿತು, ಬೇಡಿಕೆ ಏರಿದ್ದರಿಂದ ಬೆಲೆ ಏರಿತು, ಏರಿದ್ದರಿಂದ ಬೇಡಿಕೆ ಇಳಿಯಿತು ಎಂದು ಗಾಣದ ಎತ್ತಿನಂತೆ ಸುತ್ತುವ ಉತ್ತರಗಳೆಲ್ಲ ಈ ಎರಡನ್ನು ಒಂದೇ ಪದದಿಂದ ಕರೆದುದರ ಫಲ.

ಪಾರಿಭಾಷಿಕ ಪದಗಳಲ್ಲದೆ ಬೇರೆ ಯಾವ ಇಂಗ್ಲಿಷ್ ಪ್ರಯೋಗಗಳ ಬಗ್ಗೆ ಎಚ್ಚರ ಬೇಕು?

ಚಿಕ್ಕ ಪದಗಳ ಬಗ್ಗೆ. 'ರೋಸ್ ಬೈ 5' ಎಂದರೆ ಐದರಷ್ಟು ಏರಿತು, 'ರೋಸ್ ಟು 5' ಎಂದರೆ ಐದಕ್ಕೆ ಏರಿತು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಆ ಎರಡಕ್ಷರದ ಪದ ಮಾಡುತ್ತದೆ, ಅವಸರದ ಓದಿನಲ್ಲಿ ಕಣ್ಣು ಅದನ್ನು ಹಾರಿಸಿಬಿಡುತ್ತದೆ. ಹಾಗೆಯೇ ಬಡ್ಡಿದರ ಶೇಕಡಾ 4ರಿಂದ 5ಕ್ಕೆ ಹೋದರೆ ಏರಿಕೆ ಒಂದು ಶೇಕಡಾ ಅಂಶ, ಅಂದರೆ 'ಪರ್ಸೆಂಟೇಜ್ ಪಾಯಿಂಟ್'; ಶೇಕಡಾವಾರು ಲೆಕ್ಕದಲ್ಲಿ ಅದು ಶೇಕಡಾ 25ರ ಏರಿಕೆ.

ದರ ಮತ್ತು ಮಟ್ಟಗಳ ನಡುವಿನ ಗೊಂದಲ ಇದಕ್ಕಿಂತ ಆಳವಾದದ್ದು. ಹಣದುಬ್ಬರ ಶೇಕಡಾ 8ರಿಂದ 3ಕ್ಕೆ ಇಳಿಯಿತು ಎಂದರೆ ಬೆಲೆಗಳು ಇಳಿದವು ಎಂದಲ್ಲ. ಬೆಲೆಗಳು ಈಗಲೂ ಏರುತ್ತಲೇ ಇವೆ, ಏರುವ ವೇಗ ತಗ್ಗಿದೆ. ಇದು 'ಡಿಸ್‌ಇನ್‌ಫ್ಲೇಷನ್', ಬೆಲೆಮಟ್ಟವೇ ಕುಸಿದರೆ 'ಡಿಫ್ಲೇಷನ್'. ವಿತ್ತೀಯ ಕೊರತೆ ಒಂದು ವರ್ಷದ ಹರಿವು, ಸಾಲ ವರ್ಷಗಳಿಂದ ಸೇರಿದ ಸಂಗ್ರಹ. ಕೊರತೆ ಕಡಿಮೆಯಾದ ವರ್ಷವೂ ಸಾಲ ಬೆಳೆಯುತ್ತಲೇ ಇರಬಹುದು. ಕೂಲಿ ಶೇಕಡಾ 6ರಷ್ಟು ಏರಿ ಬೆಲೆಗಳು ಶೇಕಡಾ 4ರಷ್ಟು ಏರಿದರೆ ನೈಜ ಕೂಲಿಯ, ಅಂದರೆ ಕೂಲಿಯ ಕೊಳ್ಳುವ ಶಕ್ತಿಯ, ಏರಿಕೆ ಸುಮಾರು ಶೇಕಡಾ 2. ನಿಖರವಾಗಿ ಭಾಗಿಸಿ ನೋಡಿದರೆ 1.92. ಸುಮಾರು ಎಂಬುದು ಯಾವಾಗ ಸಾಕು, ನಿಖರತೆ ಯಾವಾಗ ಬೇಕು ಎಂಬ ವಿವೇಚನೆಯೂ ಈ ಶಿಕ್ಷಣದ ಭಾಗ.

ಪ್ರತಿ ಪದಕ್ಕೂ ಕನ್ನಡದ ಸಮಾನಪದವನ್ನು ಹುಡುಕಬೇಕೇ? ಅಥವಾ ಇಂಗ್ಲಿಷಿನಲ್ಲಿಯೇ ಯೋಚಿಸಲು ಕಲಿಯಬೇಕೇ?

ಇಂಗ್ಲಿಷಿನಲ್ಲಿಯೇ ಯೋಚಿಸಿ ಎಂಬ ಉಪದೇಶವನ್ನು ಬಹಳ ಜನ ಕೊಡುತ್ತಾರೆ, ಅದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬರೆಯುವಾಗ ಅದು ಸರಿ. ತಿಳಿದುಕೊಳ್ಳುವಾಗ, ಓದಿದ ವಾದವನ್ನು ಮಾತೃಭಾಷೆಯಲ್ಲಿ ಅರ್ಥಶಾಸ್ತ್ರ ಗೊತ್ತಿಲ್ಲದವರಿಗೆ ಹೇಳಲು ಬರುತ್ತದೆಯೇ ಎಂದು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1906ರಲ್ಲಿ ಸಂಖ್ಯಾಶಾಸ್ತ್ರಜ್ಞ ಬೌಲಿಗೆ ಬರೆದ ಪತ್ರವೊಂದರಲ್ಲಿ ತನ್ನ ಪದ್ಧತಿಯನ್ನು ಹೀಗೆ ಹೇಳಿಕೊಂಡಿದ್ದ: ಗಣಿತವನ್ನು ಸಂಕ್ಷೇಪಲಿಪಿಯಂತೆ ಬಳಸು, ಕೆಲಸ ಮುಗಿದ ಮೇಲೆ ಅದನ್ನು ಇಂಗ್ಲಿಷಿಗೆ ಅನುವಾದಿಸು, ನಿಜ ಜೀವನದ ಮುಖ್ಯವಾದ ಉದಾಹರಣೆಗಳಿಂದ ವಿವರಿಸು, ಆಮೇಲೆ ಗಣಿತವನ್ನು ಸುಟ್ಟುಹಾಕು. ಅವನಿಗೆ ಇಂಗ್ಲಿಷ್ ಮನೆಮಾತಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಕನ್ನಡ ಮನೆಮಾತಾಗಿರುವವರು ಮಾಡಬೇಕಾದದ್ದೇನು ಎಂಬುದು ತಾನಾಗಿ ಹೊಳೆಯುತ್ತದೆ. ಗಣಿತವನ್ನು ಮಾತ್ರ ಪರೀಕ್ಷೆ ಮುಗಿಯುವವರೆಗೆ ಸುಡದಿರುವುದು ಕ್ಷೇಮ.

ಕೆಲವು ಕನ್ನಡ ಪದಗಳು ಮೂಲಕ್ಕಿಂತ ಚೆನ್ನಾಗಿ ಅರ್ಥ ಬಿಡಿಸುತ್ತವೆ. 'ಮಾರ್ಜಿನಲ್' ಎಂಬುದು ಇಂಗ್ಲಿಷಿನಲ್ಲಿ ಅಲ್ಪ, ನಗಣ್ಯ ಎಂಬ ಧ್ವನಿಯನ್ನೂ ಹೊತ್ತಿದೆ. 'ಸೀಮಾಂತ' ಎಂದಾಗ ಗಡಿಯಲ್ಲಿ ನಿಂತು ಇನ್ನೊಂದೇ ಒಂದು ಘಟಕ ಸೇರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಕಣ್ಣ ಮುಂದೆ ಬರುತ್ತದೆ. 'ತುಷ್ಟಿಗುಣ' ಎಂಬ ಪದ 'ಯುಟಿಲಿಟಿ'ಯನ್ನು ಉಪಯುಕ್ತತೆ ಎಂದು ತಪ್ಪಾಗಿ ತಿಳಿಯುವುದನ್ನು ತಡೆಯುತ್ತದೆ.

ಬೇರೆ ಕೆಲವು ಪದಗಳು ಅಪಾಯಕಾರಿ. 'ಕೊರತೆ' ಎಂಬ ಒಂದೇ ಕನ್ನಡ ಪದ ಇಂಗ್ಲಿಷಿನ ಮೂರು ಬೇರೆ ಪರಿಕಲ್ಪನೆಗಳಿಗೆ ಬಳಕೆಯಾಗುತ್ತದೆ: ಸಂಪನ್ಮೂಲಗಳು ಬಯಕೆಗಳಿಗೆ ಸಾಲದ ಶಾಶ್ವತ ಸ್ಥಿತಿಯಾದ 'ಸ್ಕೇರ್ಸಿಟಿ', ಬೆಲೆಯನ್ನು ಸಮತೋಲನಕ್ಕಿಂತ ಕೆಳಗೆ ಹಿಡಿದಾಗ ಮಾತ್ರ ಉಂಟಾಗುವ 'ಶಾರ್ಟೇಜ್', ಆಯಕ್ಕಿಂತ ವ್ಯಯ ಹೆಚ್ಚಾದಾಗಿನ 'ಡೆಫಿಸಿಟ್'. ಹಾಗೆಯೇ 'ಆದಾಯ' ಎಂಬುದು ವ್ಯಕ್ತಿಯ 'ಇನ್‌ಕಮ್' ಕೂಡ ಹೌದು, ಸಂಸ್ಥೆಯ 'ರೆವಿನ್ಯೂ' ಕೂಡ ಹೌದು. ಇಂತಹ ಪದಗಳನ್ನು ತಲೆಯಲ್ಲಿ ಕನ್ನಡದಲ್ಲಿಟ್ಟುಕೊಂಡು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದರೆ ತಪ್ಪು ಖಚಿತ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಇಂಗ್ಲಿಷ್ ಪದ, ಅದರ ಶಾಸ್ತ್ರೀಯ ವ್ಯಾಖ್ಯೆ, ಮಾತೃಭಾಷೆಯಲ್ಲಿ ನಿಮ್ಮದೇ ಮಾತಿನ ವಿವರಣೆ, ಇವನ್ನು ಒಂದೇ ಸಾಲಿನಲ್ಲಿ ಬರೆದಿಡಿ. ಬರೀ ಸಮಾನಪದಗಳ ಪಟ್ಟಿಯಿಂದ ಹೆಚ್ಚು ಉಪಕಾರವಿಲ್ಲ.

ಗಣಿತ ಎಷ್ಟು ಬೇಕು?

ಜಾಹೀರಾತು ಪುಟಗಳು ಹೇಳುವುದಕ್ಕಿಂತ ಹೆಚ್ಚು, ಹಿರಿಯ ವಿದ್ಯಾರ್ಥಿಗಳು ಹೆದರಿಸುವುದಕ್ಕಿಂತ ಕಡಿಮೆ. ಅವಕಲನ, ಆಂಶಿಕ ಅವಕಲನ, ನಿರ್ಬಂಧಕ್ಕೊಳಪಟ್ಟ ಗರಿಷ್ಠೀಕರಣಕ್ಕಾಗಿ ಲಗ್ರಾಂಜ್ ವಿಧಾನ, ಲಾಗರಿದಮ್, ಮಾತೃಕೆಗಳು, ಸಂಭವನೀಯತೆ: ಇಷ್ಟು ಕೈಗೆ ಹತ್ತಿದರೆ ಪದವಿಯ ಬಹುಪಾಲು ದಾಟಬಹುದು. ಇಂಗ್ಲಿಷ್ ದುರ್ಬಲವಾಗಿರುವವರಿಗೆ ಗಣಿತವೇ ಆಸರೆ, ಏಕೆಂದರೆ ಸಮೀಕರಣಕ್ಕೆ ಉಚ್ಚಾರಣೆಯ ಭಯವಿಲ್ಲ.

ಗಣಿತ ಚೆನ್ನಾಗಿ ಬಲ್ಲವರನ್ನೂ ಮೊದಲ ವಾರ ಕಂಗೆಡಿಸುವ ಒಂದು ರೂಢಿಯಿದೆ. ಬೇಡಿಕೆಯ ಪ್ರಮಾಣ ಬೆಲೆಯನ್ನು ಅವಲಂಬಿಸಿದೆ ಎಂದು ಬರೆದ ಮೇಲೆ, ಗಣಿತದ ಪದ್ಧತಿಯಂತೆ ಬೆಲೆ ಅಡ್ಡ ಅಕ್ಷದಲ್ಲಿರಬೇಕು. ಅರ್ಥಶಾಸ್ತ್ರದ ಚಿತ್ರಗಳಲ್ಲಿ ಅದು ಲಂಬ ಅಕ್ಷದಲ್ಲಿರುತ್ತದೆ. 1838ರಲ್ಲಿ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಕೂರ್ನೋ ಬೆಲೆಯನ್ನು ಅಡ್ಡ ಅಕ್ಷದಲ್ಲಿಯೇ ಇಟ್ಟಿದ್ದ. ಮಾರ್ಷಲ್ ಅದನ್ನು ಲಂಬ ಅಕ್ಷಕ್ಕೆ ತಂದ, 1890ರ ಅವನ ಗ್ರಂಥದ ಪ್ರಭಾವದಿಂದ ಅದೇ ಉಳಿದುಕೊಂಡಿತು. ಇದರಿಂದಾಗಿ ಚಿತ್ರದಲ್ಲಿ ಕಾಣುವ ಇಳಿಜಾರು ಸಮೀಕರಣದಲ್ಲಿರುವ ಗುಣಾಂಕದ ವಿಲೋಮವಾಗಿರುತ್ತದೆ. ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದಾಗ ಪ್ರಮಾಣ ಎಷ್ಟು ಸ್ಪಂದಿಸುತ್ತದೆ ಎಂಬುದರ, ಲೆಕ್ಕದಲ್ಲಿ ಇದನ್ನು ಮರೆತರೆ ಉತ್ತರ ತಲೆಕೆಳಗಾಗುತ್ತದೆ.

ಸಮೀಕರಣವನ್ನು ಗಟ್ಟಿಯಾಗಿ ಓದಲು ಕಲಿಯಿರಿ. ಚಿಹ್ನೆಗಳನ್ನು ಇಂಗ್ಲಿಷಿನಲ್ಲಿ ಹೇಗೆ ಉಚ್ಚರಿಸುತ್ತಾರೆ ಎಂಬುದು ಗೊತ್ತಿಲ್ಲದೆ, ಹಲಗೆಯ ಮೇಲಿರುವುದು ಅರ್ಥವಾದರೂ ಉಪನ್ಯಾಸಕರ ಮಾತು ಅರ್ಥವಾಗದೆ ಕುಳಿತವರು ಎಷ್ಟೋ ಮಂದಿ.

ಉಪನ್ಯಾಸದ ವೇಗಕ್ಕೆ ಹೊಂದಿಕೊಳ್ಳುವುದು ಹೇಗೆ?

ತರಗತಿಗೆ ಹೋಗುವ ಮುಂಚೆ ಆ ದಿನದ ಅಧ್ಯಾಯದ ಚಿತ್ರಗಳನ್ನೂ ಅವುಗಳ ಕೆಳಗಿನ ವಿವರಣೆಯನ್ನೂ ನೋಡಿಕೊಂಡು ಹೋಗಿ. ಪೂರ್ತಿ ಓದಲು ಸಮಯವಿಲ್ಲದಿದ್ದರೂ ಇಷ್ಟು ಸಾಕಾಗುತ್ತದೆ. ಅಕ್ಷಗಳಲ್ಲಿ ಏನಿದೆ, ಯಾವ ರೇಖೆ ಏಕೆ ಸರಿಯುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ವಾಕ್ಯ ಕಿವಿಗೆ ಬೀಳದಿದ್ದರೂ ಎಳೆ ತಪ್ಪುವುದಿಲ್ಲ. ಪ್ರತಿ ಮಾತನ್ನೂ ಬರೆದುಕೊಳ್ಳಲು ಹೋದವರು ಕೇಳುವುದನ್ನು ಬಿಟ್ಟಿರುತ್ತಾರೆ.

ದಿನಕ್ಕೆ ಎಷ್ಟು ಓದಬೇಕು?

ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಕೆಲಸ, ವರ್ಷಕ್ಕೆ 60 ಕ್ರೆಡಿಟ್. ಅಂದರೆ ಪೂರ್ಣಾವಧಿಯ ವಿದ್ಯಾರ್ಥಿಯಿಂದ ವರ್ಷಕ್ಕೆ 1,500ರಿಂದ 1,800 ಗಂಟೆಗಳನ್ನು ನಿರೀಕ್ಷಿಸಲಾಗುತ್ತದೆ, ಇದರಲ್ಲಿ ತರಗತಿಯಲ್ಲಿ ಕಳೆಯುವುದು ಸಣ್ಣ ಭಾಗ. ಎರಡನೆಯ ಭಾಷೆಯಲ್ಲಿ ಓದುವವರಿಗೆ ಮೊದಲ ಅವಧಿಯಲ್ಲಿ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಓದಿನ ಜೊತೆಗೆ ಪೆನ್ನು ಹಿಡಿದಿರಬೇಕು. ಅಧ್ಯಾಯದ ಕೊನೆಯ ಲೆಕ್ಕಗಳನ್ನು ಬಿಡಿಸದೆ ಅಧ್ಯಾಯ ಓದಿದೆ ಎನ್ನುವುದು ದಡದಲ್ಲಿ ಕುಳಿತು ಈಜು ಕಲಿತಂತೆ.

ದುಬಾರಿ ಪಠ್ಯಪುಸ್ತಕ ಕೊಳ್ಳಲಾಗದವರಿಗೆ 'ಕೋರ್ ಇಕಾನ್' ಯೋಜನೆಯ ಪಠ್ಯ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅರ್ಥಶಾಸ್ತ್ರದ ಗದ್ಯಕ್ಕೆ ಕಿವಿಯನ್ನು ಒಗ್ಗಿಸಲು, ಅಂತರರಾಷ್ಟ್ರೀಯ ಹಣಕಾಸು ನಿಧಿ ಪ್ರತಿ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಹೊರತರುವ ಜಾಗತಿಕ ಆರ್ಥಿಕ ಮುನ್ನೋಟದ ಮೊದಲ ಅಧ್ಯಾಯವನ್ನು ಓದುವುದು ಒಳ್ಳೆಯ ಅಭ್ಯಾಸ. ಅದರ ಶೈಲಿ ನೀರಸ, ಹೌದು. ಆದರೆ ಪದಬಳಕೆ ನಿಖರ.

ಪರೀಕ್ಷೆಯಲ್ಲಿ ಉತ್ತರ ಬರೆಯುವುದು ಹೇಗೆ?

ಪ್ರಶ್ನೆಯ ಕ್ರಿಯಾಪದವನ್ನು ಮೊದಲು ನೋಡಿ. 'ಡಿಫೈನ್' ಎಂದರೆ ವ್ಯಾಖ್ಯೆ ಮಾತ್ರ. 'ಎಕ್ಸ್‌ಪ್ಲೇನ್' ಎಂದರೆ ಕಾರಣದಿಂದ ಪರಿಣಾಮದವರೆಗಿನ ಕೊಂಡಿಗಳನ್ನು ಒಂದೂ ಬಿಡದೆ ತೋರಿಸಬೇಕು. 'ಡಿರೈವ್' ಅಥವಾ 'ಶೋ ದಟ್' ಎಂದರೆ ಗಣಿತ ಬೇಕು, ಮಾತು ಸಾಲದು. 'ಇವ್ಯಾಲ್ಯುಯೇಟ್' ಎಂದರೆ ವಾದ ಯಾವ ಷರತ್ತುಗಳಲ್ಲಿ ನಿಲ್ಲುತ್ತದೆ, ಯಾವಾಗ ಬೀಳುತ್ತದೆ ಎಂದು ತೂಗಿ ತೀರ್ಪು ಕೊಡಬೇಕು. ಎರಡೂ ಕಡೆಯ ಮಾತು ಬರೆದು ತೀರ್ಪಿಲ್ಲದೆ ಮುಗಿಸಿದರೆ ಅಂಕ ಕಡಿಮೆಯಾಗುತ್ತದೆ.

ಒಂದು ಉದಾಹರಣೆ ನೋಡೋಣ. ಮಾರಾಟಗಾರರ ಮೇಲೆ ತೆರಿಗೆ ಹಾಕಿದರೆ ಅದನ್ನು ಯಾರು ಹೊರುತ್ತಾರೆ ಎಂಬುದು ಪ್ರಶ್ನೆ. ಬೇಡಿಕೆಯ ಪ್ರಮಾಣ 100ರಿಂದ ಬೆಲೆಯನ್ನು ಕಳೆದಷ್ಟು, ಪೂರೈಕೆಯ ಪ್ರಮಾಣ ಬೆಲೆಯಷ್ಟೇ ಎಂದಿಟ್ಟುಕೊಳ್ಳಿ. ತೆರಿಗೆಯಿಲ್ಲದಾಗ ಬೆಲೆ 50, ಪ್ರಮಾಣ 50. ಘಟಕಕ್ಕೆ 10ರಷ್ಟು ತೆರಿಗೆ ಬಂದಾಗ ಕೊಳ್ಳುವವರು 55 ಕೊಡುತ್ತಾರೆ, ಮಾರುವವರ ಕೈಯಲ್ಲಿ 45 ಉಳಿಯುತ್ತದೆ, ಪ್ರಮಾಣ 45ಕ್ಕೆ ಇಳಿಯುತ್ತದೆ. ಸರ್ಕಾರಕ್ಕೆ ಬರುವುದು 450, ಯಾರಿಗೂ ಸಿಗದೆ ಕಳೆದುಹೋಗುವ ಕಲ್ಯಾಣ (ಕೊಳ್ಳುವವರ ಮತ್ತು ಮಾರುವವರ ಪ್ರಯೋಜನ) 25. ಕಾನೂನು ತೆರಿಗೆಯನ್ನು ಮಾರಾಟಗಾರರ ಮೇಲೆ ಹೇರಿದರೂ ಹೊರೆ ಸರಿಸಮನಾಗಿ ಹಂಚಿಹೋಯಿತು. ಏಕೆಂದರೆ ಇಲ್ಲಿ ಎರಡೂ ರೇಖೆಗಳ ಓರೆಯ ಪ್ರಮಾಣ ಸಮ. ಬೆಲೆಗೆ ಕಡಿಮೆ ಸ್ಪಂದಿಸುವ ಪಕ್ಷವೇ ಹೆಚ್ಚು ಹೊರೆ ಹೊರುತ್ತದೆ. ಇಷ್ಟನ್ನು ಚಿತ್ರ, ಅಂಕಿ ಮತ್ತು ಐದಾರು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದವರು, ಎರಡು ಪುಟ ಅಲಂಕಾರದ ಭಾಷೆ ಬರೆದವರಿಗಿಂತ ಹೆಚ್ಚು ಅಂಕ ಪಡೆಯುತ್ತಾರೆ. ಒಂದು ವಾಕ್ಯಕ್ಕೆ ಒಂದೇ ಕಾರಣಕೊಂಡಿ ಇರಲಿ, ಒಂದು ಪರಿಕಲ್ಪನೆಗೆ ಉದ್ದಕ್ಕೂ ಒಂದೇ ಪದ ಇರಲಿ. ಶಾಲೆಯ ಪ್ರಬಂಧಗಳಲ್ಲಿ ಪದವನ್ನು ಪುನರಾವರ್ತಿಸಬಾರದು ಎಂದು ಕಲಿಸಿರುತ್ತಾರೆ. ಇಲ್ಲಿ ಪದ ಬದಲಿಸಿದರೆ ಪರೀಕ್ಷಕರು ವಿಷಯವೇ ಬದಲಾಯಿತು ಎಂದು ತಿಳಿಯುತ್ತಾರೆ.

ಎಕನಾಮೆಟ್ರಿಕ್ಸ್ ಎಂದರೆ ಏನು? ಕಂಪ್ಯೂಟರ್ ಜ್ಞಾನ ಬೇಕೇ?

ದತ್ತಾಂಶದಿಂದ ಕಾರಣ ಮತ್ತು ಪರಿಣಾಮಗಳನ್ನು ಬೇರ್ಪಡಿಸುವ ಕಲೆ ಅದು. ಈ ಪದವನ್ನು ಬಳಕೆಗೆ ತಂದ ನಾರ್ವೆಯ ರಗ್ನಾರ್ ಫ್ರಿಶ್, ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿಯನ್ನು 1969ರಲ್ಲಿ ಮೊದಲ ಬಾರಿಗೆ ಪಡೆದ ಇಬ್ಬರಲ್ಲಿ ಒಬ್ಬ.

ಈ ವಿಷಯದ ಸ್ವಭಾವ ತಿಳಿಯಲು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಚೆನ್ನಾದ ಹೆಬ್ಬಾಗಿಲು. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲಿನಲ್ಲಿ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು, ನೆರೆಯ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಇಬ್ಬರೂ ಗಡಿಯ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳಲ್ಲಿನ ಉದ್ಯೋಗವನ್ನು ಏರಿಕೆಗೆ ಮುಂಚೆ ಮತ್ತು ನಂತರ ಹೋಲಿಸಿದರು. ಬರೀ ನ್ಯೂಜೆರ್ಸಿಯ ಬದಲಾವಣೆ ನೋಡಿದ್ದರೆ ಆ ವರ್ಷದ ಆರ್ಥಿಕ ಏರಿಳಿತವೂ ಅದರಲ್ಲಿ ಬೆರೆತುಹೋಗುತ್ತಿತ್ತು. ಒಂದು ಕಡೆಯ ಬದಲಾವಣೆಯಿಂದ ಇನ್ನೊಂದು ಕಡೆಯ ಬದಲಾವಣೆಯನ್ನು ಕಳೆದಾಗ ಎರಡಕ್ಕೂ ಸಾಮಾನ್ಯವಾದ ಅಂಶ ಹೋಗಿ, ಕಾನೂನಿನ ಪರಿಣಾಮ ಉಳಿಯುತ್ತದೆ ಎಂಬುದು ತರ್ಕ. ಉದ್ಯೋಗ ಕುಸಿಯಲಿಲ್ಲ ಎಂಬ ಅವರ ಫಲಿತಾಂಶ ದೀರ್ಘ ವಿವಾದಕ್ಕೆ ಕಾರಣವಾಯಿತು. ಬೇರೆ ದತ್ತಾಂಶ ಬಳಸಿ ಅದನ್ನು ಪ್ರಶ್ನಿಸಿದವರೂ ಇದ್ದಾರೆ. 2021ರ ನೊಬೆಲ್ ಸ್ಮಾರಕ ಪ್ರಶಸ್ತಿಯ ಅರ್ಧ ಭಾಗ ಕಾರ್ಡ್‌ಗೆ ಸಂದಿತು. ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು.

ತಂತ್ರಾಂಶಗಳಲ್ಲಿ ಸ್ಟೇಟಾ ಹಣ ಕೊಟ್ಟು ಪಡೆಯುವಂಥದ್ದು, ಆರ್ ಮತ್ತು ಪೈಥಾನ್ ಉಚಿತ. ಪ್ರೋಗ್ರಾಮಿಂಗ್ ಗೊತ್ತಿಲ್ಲದೆಯೇ ಬಹುತೇಕರು ಸೇರುತ್ತಾರೆ, ಕಲಿಯುತ್ತಾರೆ.

ಚರ್ಚಾ ತರಗತಿಗಳಲ್ಲಿ ಮಾತನಾಡಲು ಹಿಂಜರಿಕೆಯಾಗುತ್ತದೆ. ಏನು ಮಾಡುವುದು?

ಹಲಗೆಯ ಹತ್ತಿರ ಹೋಗಿ ಚಿತ್ರ ಬಿಡಿಸಿ. ರೇಖೆಯನ್ನು ಸರಿಸಿ ತೋರಿಸುತ್ತ ಆಡುವ ಮಾತಿಗೆ ವ್ಯಾಕರಣದ ಊರುಗೋಲು ಅಷ್ಟಾಗಿ ಬೇಕಾಗುವುದಿಲ್ಲ. ಪ್ರಶ್ನೆ ಕೇಳುವಾಗ ಎಲ್ಲಿಯವರೆಗೆ ಅರ್ಥವಾಗಿದೆ ಎಂದು ಮೊದಲು ಹೇಳಿ, ಆಮೇಲೆ ತೊಡಕಿನ ಹೆಜ್ಜೆಯನ್ನು ತೋರಿಸಿ. ಉಚ್ಚಾರಣೆಯ ಬಗ್ಗೆ ಚಿಂತೆ ಬೇಡ. ಈ ಶಾಸ್ತ್ರದ ಹಲವು ಹಿರಿಯರ ಇಂಗ್ಲಿಷಿನಲ್ಲಿ ಅವರ ಮನೆಮಾತಿನ ಧಾಟಿ ಕೊನೆಯವರೆಗೂ ಉಳಿದಿತ್ತು.

ಅನುವಾದ ತಂತ್ರಾಂಶ ಮತ್ತು ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಬಹುದೇ?

ಓದಲು ಬಳಸಬಹುದು, ಎಚ್ಚರದಿಂದ. ಮೇಲೆ ಹೇಳಿದ 'ಕೊರತೆ', 'ಆದಾಯ' ಮುಂತಾದ ಪದಗಳನ್ನು ಯಂತ್ರವು ಸಂದರ್ಭ ತಿಳಿಯದೆ ತಪ್ಪಾಗಿ ಹೊರಳಿಸಬಹುದು, ಆ ತಪ್ಪು ನಯವಾದ ವಾಕ್ಯದೊಳಗೆ ಅಡಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮೌಲ್ಯಮಾಪನಕ್ಕೆ ಒಪ್ಪಿಸುವ ಬರವಣಿಗೆಯ ವಿಷಯ ಬೇರೆ. ನಿಯಮಗಳು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ, ಕೆಲವೊಮ್ಮೆ ಪತ್ರಿಕೆಯಿಂದ ಪತ್ರಿಕೆಗೆ ಬದಲಾಗುತ್ತವೆ. ಲಿಖಿತ ನಿಯಮವನ್ನು ಓದಿ, ಸಂಶಯವಿದ್ದರೆ ಮುಂಚೆಯೇ ಕೇಳಿ. ನಿಯಮ ಅನುಮತಿಸಿದರೂ ಮೊದಲ ಕರಡನ್ನು ಸ್ವಂತವಾಗಿ ಬರೆಯುವುದೇ ಮೇಲು, ಏಕೆಂದರೆ ಮೇಜಿನ ಮುಂದೆ ಕುಳಿತು ಬರೆಯುವ ಪರೀಕ್ಷೆಯಲ್ಲಿ ಸಾಧನ ಜೊತೆಗಿರುವುದಿಲ್ಲ.

ಕೊನೆಯ ವರ್ಷದ ಕಿರುಪ್ರಬಂಧಕ್ಕೆ ವಿಷಯವನ್ನು ಹೇಗೆ ಆರಿಸುವುದು?

ಬಡತನ, ಜಾಗತೀಕರಣ ಎಂಬಂತಹ ಹೆಸರುಗಳು ಕ್ಷೇತ್ರಗಳು, ಪ್ರಶ್ನೆಗಳಲ್ಲ. ಯಾವುದು ಯಾವುದರ ಮೇಲೆ ಎಷ್ಟು ಪರಿಣಾಮ ಬೀರಿತು ಎಂದು ಒಂದೇ ವಾಕ್ಯದಲ್ಲಿ ಕೇಳಲು ಬಂದರೆ ವಿಷಯ ಸಿಕ್ಕಿದೆ ಎಂದರ್ಥ. ಆಮೇಲೆ ಕೂಡಲೇ ದತ್ತಾಂಶ ಇದೆಯೇ ಎಂದು ನೋಡಬೇಕು. ವಿಶ್ವ ಬ್ಯಾಂಕಿನ ಮುಕ್ತ ದತ್ತಾಂಶ ಮತ್ತು ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಫ್ರೆಡ್ ಎಂಬ ದತ್ತಾಂಶ ಸಂಗ್ರಹ ಉಚಿತ. ಲೇಖನಗಳನ್ನು ಹುಡುಕುವಾಗ, ಅವನ್ನು ವಿಷಯವಾರು ವಿಂಗಡಿಸುವ ಜೆಇಎಲ್ ವರ್ಗೀಕರಣದ ಸಂಕೇತಗಳು ನೆರವಾಗುತ್ತವೆ: ಅದರಲ್ಲಿ ಡಿ ಅಕ್ಷರ ಸೂಕ್ಷ್ಮ ಅರ್ಥಶಾಸ್ತ್ರಕ್ಕೆ, ಇ ಸಮಗ್ರ ಅರ್ಥಶಾಸ್ತ್ರಕ್ಕೆ. ಸಂಶೋಧನಾ ಲೇಖನವನ್ನು ಮೊದಲಿನಿಂದ ಕೊನೆಗೆ ಓದುವ ಅಗತ್ಯವಿಲ್ಲ. ಸಾರಾಂಶ, ಪೀಠಿಕೆ, ಮುಖ್ಯ ಕೋಷ್ಟಕ, ಕೊನೆಯ ಭಾಗ ಓದಿ, ಬೇಕೆನಿಸಿದರೆ ಮಾತ್ರ ಒಳಗೆ ಇಳಿಯಿರಿ.

ಈ ಪದವಿ ಪಡೆದರೆ ಷೇರುಪೇಟೆಯಲ್ಲಿ ಹಣ ಮಾಡಬಹುದೇ?

ಪದವಿಯಲ್ಲಿ ಅದನ್ನು ಕಲಿಸುವುದಿಲ್ಲ. ಎಲ್ಲರಿಗೂ ತಿಳಿದ ಮಾಹಿತಿಯಿಂದ ಪೇಟೆಯನ್ನು ಮೀರಿಸುವುದು ಏಕೆ ಕಷ್ಟ ಎಂಬುದನ್ನು ಕಲಿಸುತ್ತಾರೆ.

ಮುಂದೆ ಯಾವ ದಾರಿಗಳಿವೆ?

ಕೇಂದ್ರೀಯ ಬ್ಯಾಂಕುಗಳು, ಸರ್ಕಾರದ ಯೋಜನಾ ಮತ್ತು ಅಂಕಿಅಂಶ ವಿಭಾಗಗಳು, ಹಣಕಾಸು ಸಂಸ್ಥೆಗಳು, ಸಲಹಾ ಸಂಸ್ಥೆಗಳು, ದತ್ತಾಂಶ ವಿಶ್ಲೇಷಣೆ, ಪತ್ರಿಕೋದ್ಯಮ: ಹೀಗೆ ದಾರಿಗಳು ಹಲವು. ಆದರೆ ಅರ್ಥಶಾಸ್ತ್ರಜ್ಞ ಎಂಬ ಹುದ್ದೆಗೆ ಬಹುತೇಕ ಕಡೆ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಸಂಶೋಧನೆಯತ್ತ ಹೋಗುವ ಇಚ್ಛೆಯಿದ್ದರೆ ಎರಡನೆಯ ವರ್ಷದಿಂದಲೇ ಗಣಿತ ವಿಭಾಗದ ರೇಖೀಯ ಬೀಜಗಣಿತ ಮತ್ತು ವಾಸ್ತವ ವಿಶ್ಲೇಷಣೆಯ ('ರಿಯಲ್ ಅನಾಲಿಸಿಸ್') ಪತ್ರಿಕೆಗಳನ್ನು ತೆಗೆದುಕೊಳ್ಳಬೇಕು. ಪ್ರವೇಶ ಸಮಿತಿಗಳು ಅವುಗಳ ಅಂಕವನ್ನು ವಿಶೇಷವಾಗಿ ನೋಡುತ್ತವೆ.

ಇಂಗ್ಲಿಷ್ ಆಡುಭಾಷೆಯಲ್ಲದ ದೇಶದಲ್ಲಿ ಇಂಗ್ಲಿಷ್ ಮಾಧ್ಯಮದ ಪದವಿ ಓದುವವರು ಇನ್ನೊಂದನ್ನೂ ಗಮನಿಸಬೇಕು. ಪಾಠ, ಪರೀಕ್ಷೆ, ಗ್ರಂಥಾಲಯ ಎಲ್ಲವೂ ಇಂಗ್ಲಿಷಿನಲ್ಲಿ ನಡೆದರೂ, ಅಲ್ಲಿನ ತರಬೇತಿ ಹುದ್ದೆಗಳ ಸಂದರ್ಶನ ಸ್ಥಳೀಯ ಭಾಷೆಯಲ್ಲಿ ನಡೆಯಬಹುದು. ಅಲ್ಲಿಯೇ ಕೆಲಸ ಮಾಡುವ ಯೋಚನೆಯಿದ್ದರೆ ಆ ಭಾಷೆಯ ತರಗತಿಗೆ ಕೊನೆಯ ವರ್ಷದವರೆಗೆ ಕಾಯದೆ ಮೊದಲ ಅವಧಿಯಲ್ಲಿಯೇ ಹೆಸರು ನೋಂದಾಯಿಸಿ.